ಸಂಶೋಧನ ಬರವಣಿಗೆ ಮತ್ತು ಪ್ರಕಟಣೆ: ಪಿಎಚ್‌.ಡಿ. ವಿದ್ಯಾರ್ಥಿಗಳ ನೆಲೆಯಲ್ಲಿ

ಸಂಶೋಧನ ಬರವಣಿಗೆ ಮತ್ತು ಪ್ರಕಟಣೆ: ಅಧ್ಯಯನವೊಂದರ ಪ್ರಶ್ನೆ, ವಿಧಾನ, ಪುರಾವೆ ಮತ್ತು ತೀರ್ಮಾನಗಳನ್ನು ಆ ಕ್ಷೇತ್ರದ ಇತರರು ಪರೀಕ್ಷಿಸಿ ಒಪ್ಪಲು ಇಲ್ಲವೇ ತಳ್ಳಿಹಾಕಲು ಅನುವಾಗುವಂತೆ ಬರೆದು, ವಿದ್ವತ್ ಪತ್ರಿಕೆ, ಗ್ರಂಥ ಅಥವಾ ಸಮ್ಮೇಳನದ ಮೂಲಕ ಹೊರತರುವ ಕೆಲಸ. ಪಿಎಚ್‌.ಡಿ. ವಿದ್ಯಾರ್ಥಿಗೆ ಇದರಲ್ಲಿ ಎರಡು ಹೊರೆಗಳಿವೆ: ಪದವಿಗಾಗಿ ಮಹಾಪ್ರಬಂಧ ಬರೆಯುವುದು, ಅದರ ಫಲವನ್ನು ಲೇಖನಗಳಾಗಿ ಪ್ರಕಟಿಸುವುದು. ಮಾರ್ಗದರ್ಶಕರ ಜೊತೆಗಿದ್ದು ವಿದ್ಯಾರ್ಥಿ ತಾನಾಗಿಯೇ ಕಲಿತುಕೊಳ್ಳುತ್ತಾನೆ ಎಂದು ಬಹುಕಾಲ ಭಾವಿಸಲಾಗಿದ್ದ ಈ ಕೌಶಲವನ್ನು ಈಗ ವಿಶ್ವವಿದ್ಯಾಲಯಗಳು ಕೋರ್ಸ್‌ವರ್ಕ್‌ನ ಭಾಗವಾಗಿ ಕಲಿಸುತ್ತಿವೆ.

ಇತಿಹಾಸ

ವಿದ್ವತ್ ಪತ್ರಿಕೆ ಎಂಬ ಪ್ರಕಾರ ಹುಟ್ಟಿದ್ದು 1665ರಲ್ಲಿ. ಆ ವರ್ಷದ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಡೆನಿ ದ ಸಾಲೊ ‘ಜುರ್ನಾಲ್ ದೆ ಸಾವಾಂ’ ಆರಂಭಿಸಿದ. ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡೆನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಹೊರತಂದ. ಅಲ್ಲಿಯವರೆಗೆ ವಿದ್ವಾಂಸರು ಒಬ್ಬರಿಗೊಬ್ಬರು ಬರೆಯುತ್ತಿದ್ದ ಪತ್ರಗಳಲ್ಲಿ ಅಡಗಿರುತ್ತಿದ್ದ ಸಂಗತಿಗಳಿಗೆ ದಿನಾಂಕ, ಹೆಸರು ಮತ್ತು ಸಾರ್ವಜನಿಕ ದಾಖಲೆ ದೊರೆತವು. ಸಂಶೋಧನೆಯನ್ನೇ ಆಧಾರವಾಗುಳ್ಳ ಪಿಎಚ್‌.ಡಿ. ಪದವಿ ರೂಪುಗೊಂಡಿದ್ದು 19ನೆಯ ಶತಮಾನದ ಜರ್ಮನಿಯಲ್ಲಿ, ಮುಖ್ಯವಾಗಿ 1810ರಲ್ಲಿ ಸ್ಥಾಪನೆಯಾದ ಬರ್ಲಿನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ. ಅಮೆರಿಕದಲ್ಲಿ ಯೇಲ್ 1861ರಲ್ಲಿ ಮೊದಲ ಪಿಎಚ್‌.ಡಿ. ನೀಡಿತು. ಬ್ರಿಟನ್ನಿನಲ್ಲಿ ಈ ಪದವಿ ಬಂದಿದ್ದು ಮೊದಲ ಮಹಾಯುದ್ಧದ ಹೊತ್ತಿಗೆ.

ಪರಿಣತರ ವಿಮರ್ಶೆಗೆ ಒಳಗಾದ ಮೇಲೆಯೇ ಲೇಖನ ಅಚ್ಚಾಗಬೇಕೆಂಬ ಕಟ್ಟುನಿಟ್ಟು ಈಚಿನದು. 1936ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸನ್ ಗುರುತ್ವ ಅಲೆಗಳ ಬಗ್ಗೆ ಬರೆದ ಲೇಖನವನ್ನು ‘ಫಿಸಿಕಲ್ ರಿವ್ಯೂ’ ಪತ್ರಿಕೆ ವಿಮರ್ಶಕರೊಬ್ಬರಿಗೆ ಕಳುಹಿಸಿತು. ತನ್ನ ಅನುಮತಿಯಿಲ್ಲದೆ ಹಸ್ತಪ್ರತಿಯನ್ನು ಬೇರೆಯವರಿಗೆ ತೋರಿಸಿದ್ದಕ್ಕೆ ಸಿಟ್ಟಾದ ಐನ್‌ಸ್ಟೈನ್ ಅದನ್ನು ಹಿಂದಕ್ಕೆ ಪಡೆದರು. ಮರುವರ್ಷ ಅದು ಬೇರೆ ಪತ್ರಿಕೆಯಲ್ಲಿ, ತೀರ್ಮಾನವೇ ಬದಲಾದ ರೂಪದಲ್ಲಿ ಪ್ರಕಟವಾಯಿತು. ವಿಮರ್ಶಕ ಎತ್ತಿದ್ದ ಆಕ್ಷೇಪ ಸರಿಯಾಗಿತ್ತು. ‘ನೇಚರ್’ ಪತ್ರಿಕೆ ಹೊರಗಿನ ವಿಮರ್ಶೆಯನ್ನು ಕಡ್ಡಾಯಗೊಳಿಸಿದ್ದು 1973ರಲ್ಲಿ.

ಪ್ರಕಟಣೆಯ ವೇಳೆ ಎಷ್ಟು ಮುಖ್ಯ ಎಂಬುದಕ್ಕೆ ಭಾರತದ ನಿದರ್ಶನ ಸಿ. ವಿ. ರಾಮನ್ ಅವರದು. ಬೆಳಕಿನ ಚದುರಿಕೆಯಲ್ಲಿ ಹೊಸ ವಿಕಿರಣವನ್ನು 1928ರ ಫೆಬ್ರುವರಿ 28ರಂದು ಕಲ್ಕತ್ತದಲ್ಲಿ ಗುರುತಿಸಿದ ರಾಮನ್, ಮಾರ್ಚ್ 16ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಅದರ ಬಗ್ಗೆ ಉಪನ್ಯಾಸ ನೀಡಿದರು. ಆ ಉಪನ್ಯಾಸವನ್ನು ತಾವೇ ಆರಂಭಿಸಿದ್ದ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಮಾರ್ಚ್ ಮುಗಿಯುವುದರೊಳಗೆ ಅಚ್ಚು ಹಾಕಿಸಿ, ಪ್ರತಿಗಳನ್ನು ಹೊರದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ‘ನೇಚರ್’ಗೂ ಟಿಪ್ಪಣಿಗಳು ಹೋಗಿದ್ದವು. ಸ್ಫಟಿಕಗಳಲ್ಲಿ ಇದೇ ಪರಿಣಾಮವನ್ನು ಅದೇ ಫೆಬ್ರುವರಿಯಲ್ಲಿ ಕಂಡಿದ್ದ ಮಾಸ್ಕೋದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಅವರ ಲೇಖನ ಜುಲೈನಲ್ಲಿ ಬಂತು. 1930ರ ನೊಬೆಲ್ ಪ್ರಶಸ್ತಿ ರಾಮನ್ ಒಬ್ಬರಿಗೇ ಸಂದಿತು.

ಮಹಾಪ್ರಬಂಧ ಮತ್ತು ಲೇಖನ

ಎರಡೂ ಒಂದೇ ಸಂಶೋಧನೆಯಿಂದ ಹುಟ್ಟಿದರೂ ಓದುಗರು ಬೇರೆ. ಮಹಾಪ್ರಬಂಧವನ್ನು ಓದುವುದು ಪರೀಕ್ಷಕರು. ಅಭ್ಯರ್ಥಿಗೆ ವಿಷಯ ಗೊತ್ತೇ, ಹಿಂದಿನ ಕೆಲಸವನ್ನು ಓದಿದ್ದಾನೆಯೇ, ವಿಧಾನವನ್ನು ಸಮರ್ಥಿಸಬಲ್ಲನೇ ಎಂದು ಅವರು ನೋಡುತ್ತಾರೆ. ಆದ್ದರಿಂದ ಅಲ್ಲಿ ಪೂರ್ವಾಧ್ಯಯನಗಳ ಸಮೀಕ್ಷೆಗೆ ಒಂದು ಅಧ್ಯಾಯವೇ ಮೀಸಲು. ಪತ್ರಿಕೆಯ ಓದುಗನಿಗೆ ಲೇಖಕನ ಓದಿನ ಹರವು ಬೇಕಿಲ್ಲ. ಈ ಲೇಖನದಲ್ಲಿ ಹೊಸತೇನಿದೆ, ಅದನ್ನು ನಂಬಲು ಆಧಾರವೇನು ಎಂಬುದಷ್ಟೇ ಬೇಕು. ಮಹಾಪ್ರಬಂಧದ ಅಧ್ಯಾಯವನ್ನು ಕತ್ತರಿಸಿ ಹಾಗೆಯೇ ಪತ್ರಿಕೆಗೆ ಕಳುಹಿಸುವುದು ಹೊಸ ಸಂಶೋಧಕರ ಲೇಖನಗಳು ತಿರಸ್ಕೃತವಾಗಲು ಸಾಮಾನ್ಯ ಕಾರಣ.

ಸ್ವೀಡನ್, ಫಿನ್ಲೆಂಡ್, ನೆದರ್ಲೆಂಡ್ಸ್ ಮೊದಲಾದ ದೇಶಗಳಲ್ಲಿ ಪ್ರಕಟವಾದ ಇಲ್ಲವೇ ಪ್ರಕಟಣೆಗೆ ಸಿದ್ಧವಾದ ಕೆಲವು ಲೇಖನಗಳಿಗೆ ಪೀಠಿಕೆ ಮತ್ತು ಉಪಸಂಹಾರ ಸೇರಿಸಿ ಪ್ರಬಂಧವಾಗಿ ಒಪ್ಪಿಸುವ ಪದ್ಧತಿ ವ್ಯಾಪಕವಾಗಿದೆ. ಭಾರತದಲ್ಲಿ ಇಡಿಯಾದ ಒಂದೇ ಪ್ರಬಂಧವನ್ನು ಸಲ್ಲಿಸುವ ರೂಢಿಯೇ ಹೆಚ್ಚು. ಮಾನವಿಕ ವಿಷಯಗಳಲ್ಲಿ ಪ್ರಬಂಧದ ಸಹಜ ಮುಂದುವರಿಕೆ ಪುಸ್ತಕ, ವಿಜ್ಞಾನದಲ್ಲಿ ಲೇಖನ.

ಲೇಖನದ ರಚನೆ

ವಿಜ್ಞಾನ ಮತ್ತು ಸಮಾಜವಿಜ್ಞಾನದ ಬಹುತೇಕ ಲೇಖನಗಳು ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಭಾಗಗಳ ಚೌಕಟ್ಟನ್ನು ಅನುಸರಿಸುತ್ತವೆ. ಪೀಠಿಕೆ ‘ಏಕೆ’ ಎಂಬುದಕ್ಕೆ, ವಿಧಾನ ‘ಹೇಗೆ’ ಎಂಬುದಕ್ಕೆ, ಫಲಿತಾಂಶ ‘ಏನು ಸಿಕ್ಕಿತು’ ಎಂಬುದಕ್ಕೆ, ಚರ್ಚೆ ‘ಅದರಿಂದೇನು’ ಎಂಬುದಕ್ಕೆ ಉತ್ತರ. ಇವು ಅಚ್ಚಾಗುವ ಕ್ರಮದಲ್ಲೇ ಬರೆಯಬೇಕೆಂದೇನಿಲ್ಲ. ಅನುಭವಿಗಳು ಮೊದಲು ಕೋಷ್ಟಕ ಮತ್ತು ಚಿತ್ರಗಳನ್ನು ಅಂತಿಮಗೊಳಿಸಿ, ವಿಧಾನ ಮತ್ತು ಫಲಿತಾಂಶ ಬರೆದು, ಪೀಠಿಕೆಗೆ ಆಮೇಲೆ ಕೈಹಾಕುತ್ತಾರೆ. ಶೀರ್ಷಿಕೆ, ಸಾರಾಂಶ ಕೊನೆಗೆ. ಹೆಚ್ಚಿನ ಜನ ಓದುವುದು ಈ ಎರಡನ್ನೇ ಆದ್ದರಿಂದ ಅವುಗಳ ಮೇಲೆ ಖರ್ಚು ಮಾಡಿದ ಶ್ರಮ ವ್ಯರ್ಥವಾಗುವುದಿಲ್ಲ.

ಪೀಠಿಕೆಯ ಒಳರಚನೆಯನ್ನು ಭಾಷಾವಿಜ್ಞಾನಿ ಜಾನ್ ಸ್ವೇಲ್ಸ್ 1990ರಲ್ಲಿ ಪ್ರಕಟವಾದ ‘ಜಾನರ್ ಅನಾಲಿಸಿಸ್’ ಕೃತಿಯಲ್ಲಿ ಮೂರು ಹೆಜ್ಜೆಗಳಾಗಿ ವಿವರಿಸಿದರು: ಕ್ಷೇತ್ರವನ್ನು ಗುರುತಿಸುವುದು, ಅದರಲ್ಲಿನ ತೆರಪನ್ನು ತೋರಿಸುವುದು, ಆ ತೆರಪನ್ನು ತುಂಬಲು ತಾನು ಮಾಡಿದ್ದೇನೆಂದು ಹೇಳುವುದು. ಹೊಸಬರು ಎಡವುವುದು ಎರಡನೆಯ ಹೆಜ್ಜೆಯಲ್ಲಿ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಭೂಮಿಯ ಬಗ್ಗೆ ಒಬ್ಬ ವಿದ್ಯಾರ್ಥಿ ಬರೆಯುತ್ತಿದ್ದಾನೆ ಎಂದುಕೊಳ್ಳೋಣ. “ಈ ಸಮಸ್ಯೆಯ ಬಗ್ಗೆ ಈವರೆಗೆ ಯಾರೂ ಅಧ್ಯಯನ ಮಾಡಿಲ್ಲ” ಎಂಬ ವಾಕ್ಯ ಬಹುಮಟ್ಟಿಗೆ ಸುಳ್ಳಾಗಿರುತ್ತದೆ. ಒಂದೇ ಒಂದು ಹಳೆಯ ವರದಿಯನ್ನು ತೋರಿಸಿ ವಿಮರ್ಶಕ ಇಡೀ ಲೇಖನವನ್ನು ಅನುಮಾನಿಸಬಹುದು. “ಸವಳು ಎಲ್ಲೆಲ್ಲಿ ಹಬ್ಬಿದೆ ಎಂಬುದನ್ನು ಹಿಂದಿನ ಅಧ್ಯಯನಗಳು ಅಳೆದಿವೆ, ಭತ್ತ ಬಿಟ್ಟು ಬೇರೆ ಬೆಳೆಗೆ ಹೋಗಬೇಕೇ ಎಂಬ ರೈತರ ನಿರ್ಧಾರವನ್ನು ಅದು ಹೇಗೆ ಬದಲಿಸುತ್ತದೆ ಎಂಬ ಪ್ರಶ್ನೆ ಉಳಿದಿದೆ” ಎಂದರೆ ಹಿಂದಿನವರ ಕೆಲಸಕ್ಕೂ ಗೌರವ ಸಂದಿತು, ತನ್ನ ಪ್ರಶ್ನೆಯ ಎಲ್ಲೆಯೂ ಸ್ಪಷ್ಟವಾಯಿತು.

ಸಂಶೋಧನ ಬರವಣಿಗೆಯ ಇನ್ನೊಂದು ಲಕ್ಷಣ ಅಳತೆಯ ಮಾತು. ಪುರಾವೆ ಎಷ್ಟು ದೂರ ಹೋಗುತ್ತದೆಯೋ ತೀರ್ಮಾನವೂ ಅಷ್ಟೇ ದೂರ ಹೋಗಬೇಕು. ಎರಡು ಹಳ್ಳಿಗಳ ಸಮೀಕ್ಷೆ ನಡೆಸಿ “ಕರ್ನಾಟಕದ ಗ್ರಾಮೀಣ ಮಹಿಳೆಯರು” ಎಂದು ಬರೆಯುವುದು, ಎರಡು ಸಂಗತಿಗಳು ಜೊತೆಜೊತೆಗೆ ಕಂಡವೆಂದು ಒಂದನ್ನು ಇನ್ನೊಂದರ ಕಾರಣ ಎನ್ನುವುದು, ಈ ಎರಡು ದೋಷಗಳನ್ನು ವಿಮರ್ಶಕರು ಮೊದಲು ಹಿಡಿಯುತ್ತಾರೆ.

ಬರೆಯುವ ಅಭ್ಯಾಸ

ಮೊದಲು ಸಂಶೋಧನೆ ಮುಗಿಯಲಿ, ಆಮೇಲೆ ‘ರೈಟ್‌ಅಪ್’ ಎಂಬ ಮಾತು ವಿಭಾಗಗಳಲ್ಲಿ ಸಾಮಾನ್ಯ. ಈ ವಿಷಯದ ಪಾಠಪುಸ್ತಕಗಳು ಇದಕ್ಕೆ ವಿರುದ್ಧ ಸಲಹೆ ಕೊಡುತ್ತವೆ. ಉಂಬೆರ್ಟೊ ಎಕೊ ಇಟಲಿಯ ವಿದ್ಯಾರ್ಥಿಗಳಿಗಾಗಿ 1977ರಲ್ಲಿ ಬರೆದ ಪ್ರಬಂಧ ರಚನೆಯ ಕೈಪಿಡಿ, ತಾತ್ಕಾಲಿಕ ಪರಿವಿಡಿಯನ್ನು ಆರಂಭದಲ್ಲೇ ಬರೆದಿಟ್ಟುಕೊಂಡು ಕೆಲಸದ ಉದ್ದಕ್ಕೂ ತಿದ್ದುತ್ತಿರಬೇಕೆನ್ನುತ್ತದೆ. ಸಮಾಜಶಾಸ್ತ್ರಜ್ಞ ಹೊವರ್ಡ್ ಬೆಕರ್ 1986ರ ತಮ್ಮ ಕೃತಿಯಲ್ಲಿ, ಮೊದಲ ಕರಡು ಯೋಚನೆಯನ್ನು ಕಂಡುಕೊಳ್ಳುವ ಸಾಧನ, ಅದನ್ನು ಯಾರಿಗೂ ಒಪ್ಪಿಸಬೇಕಿಲ್ಲ ಎಂಬ ನಿಲುವು ತಳೆದರು. ಮನಶ್ಶಾಸ್ತ್ರಜ್ಞ ಪಾಲ್ ಸಿಲ್ವಿಯಾ 2007ರಲ್ಲಿ, ಸ್ಫೂರ್ತಿಗೆ ಕಾಯದೆ ವಾರದ ವೇಳಾಪಟ್ಟಿಯಲ್ಲಿ ತರಗತಿಯಂತೆಯೇ ಬರೆಯುವ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕೆಂದು ವಾದಿಸಿದರು. ಮೂವರ ದಾರಿ ಬೇರೆಬೇರೆ, ಹೇಳುವುದು ಒಂದೇ: ಬರೆಯುವುದು ಸಂಶೋಧನೆಯ ಕೊನೆಯ ಹಂತವಲ್ಲ, ಅದರ ಒಳಗಿನ ಕೆಲಸ. ಅಧ್ಯಾಯ ಬರೆಯಲು ಕೂತಾಗಲೇ ದತ್ತಾಂಶದಲ್ಲಿನ ಕೊರತೆ ಕಣ್ಣಿಗೆ ಬೀಳುತ್ತದೆ. ಕ್ಷೇತ್ರಕಾರ್ಯಕ್ಕೆ ಮರಳಲು ಆಗ ಕಾಲಾವಕಾಶ ಇರಬೇಕು.

ಉಲ್ಲೇಖ ಮತ್ತು ಕೃತಿಚೌರ್ಯ

ಬೇರೆಯವರ ಮಾತು, ವಿಚಾರ, ಅಂಕಿಅಂಶ, ಚಿತ್ರ ಯಾವುದನ್ನು ಬಳಸಿದರೂ ಮೂಲವನ್ನು ಹೇಳಬೇಕೆಂಬುದು ಈ ಬರವಣಿಗೆಯ ಅಡಿಗಲ್ಲು. ಉಲ್ಲೇಖದ ಶೈಲಿಗಳು ಕ್ಷೇತ್ರಕ್ಕೆ ತಕ್ಕಂತೆ ಬದಲಾಗುತ್ತವೆ: ಮನಶ್ಶಾಸ್ತ್ರ ಮತ್ತು ಶಿಕ್ಷಣದಲ್ಲಿ ಎಪಿಎ, ಸಾಹಿತ್ಯದಲ್ಲಿ ಎಂಎಲ್ಎ, ಇತಿಹಾಸದಲ್ಲಿ ಅಡಿಟಿಪ್ಪಣಿಗಳ ಶಿಕಾಗೊ ಶೈಲಿ, ವೈದ್ಯಕೀಯದಲ್ಲಿ ಸಂಖ್ಯೆಗಳ ವ್ಯಾಂಕೂವರ್ ಶೈಲಿ. ಜೊಟೆರೊ, ಮೆಂಡಲಿಯಂಥ ಉಚಿತ ತಂತ್ರಾಂಶಗಳು ಆಕರಗಳನ್ನು ಸಂಗ್ರಹಿಸಿಟ್ಟು ಬೇಕಾದ ಶೈಲಿಯಲ್ಲಿ ಜೋಡಿಸುತ್ತವೆ. ಓದಿದ ದಿನವೇ ಪುಟಸಂಖ್ಯೆ ಸಹಿತ ದಾಖಲಿಸುವ ಶಿಸ್ತನ್ನು ಮಾತ್ರ ಯಾವ ತಂತ್ರಾಂಶವೂ ಕೊಡುವುದಿಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ಹೊರಡಿಸಿದ ನಿಯಮಗಳು ಪ್ರಬಂಧದಲ್ಲಿನ ಹೋಲಿಕೆಯನ್ನು ನಾಲ್ಕು ಹಂತಗಳಲ್ಲಿ ಅಳೆಯುತ್ತವೆ. ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಶೇ 10ರಿಂದ 40ರವರೆಗಿದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. ಶೇ 40ರಿಂದ 60 ಆದರೆ ಒಂದು ವರ್ಷ ಸಲ್ಲಿಕೆಗೆ ತಡೆ. ಶೇ 60 ಮೀರಿದರೆ ನೋಂದಣಿಯೇ ರದ್ದು. ಆಕರಸೂಚಿ, ಪರಿವಿಡಿ, ಕೃತಜ್ಞತೆ, ಮೂಲ ಹೇಳಿ ಬಳಸಿದ ಉದ್ಧರಣೆ ಈ ಲೆಕ್ಕಕ್ಕೆ ಬರುವುದಿಲ್ಲ. ತಂತ್ರಾಂಶ ತೋರಿಸುವ ಶೇಕಡಾವಾರು ಹೋಲಿಕೆಯನ್ನು ಅಳೆಯುತ್ತದೆಯೇ ಹೊರತು ಪ್ರಾಮಾಣಿಕತೆಯನ್ನಲ್ಲ. ಇನ್ನೊಬ್ಬರ ವಾದವನ್ನು ಪದ ಬದಲಿಸಿ ತನ್ನದೆಂದು ಬರೆದರೆ ಹೋಲಿಕೆ ಶೂನ್ಯ ಬರಬಹುದು, ಆದರೂ ಅದು ಕೃತಿಚೌರ್ಯ. ತನ್ನದೇ ಹಳೆಯ ಲೇಖನವನ್ನು ಹೇಳದೆ ಮರುಬಳಸುವುದೂ ತಪ್ಪೇ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹೊಸ ಪ್ರಶ್ನೆಗಳೆದ್ದವು. ಪ್ರಕಟಣ ನೈತಿಕತೆಯ ಅಂತರರಾಷ್ಟ್ರೀಯ ಸಮಿತಿ ‘ಕೋಪ್’ ಮತ್ತು ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿ, ಕೃತಕ ಬುದ್ಧಿಮತ್ತೆಯ ಸಾಧನ ಲೇಖಕ ಆಗಲಾರದು, ಬಳಸಿದ್ದರೆ ಲೇಖಕರು ಅದನ್ನು ತಿಳಿಸಬೇಕು ಎಂಬ ನಿಲುವು ತಳೆದಿವೆ. ಇಂಥ ಸಾಧನಗಳು ಇಲ್ಲದ ಲೇಖನಗಳನ್ನು ಇರುವಂತೆ ಉಲ್ಲೇಖಿಸುವುದುಂಟು; ಹೊಣೆ ಹೊರಬೇಕಾದವನು ಸಹಿ ಹಾಕಿದ ಲೇಖಕ.

ಪತ್ರಿಕೆಯ ಆಯ್ಕೆ ಮತ್ತು ವಿಮರ್ಶೆ

ಪತ್ರಿಕೆಯನ್ನು ಆರಿಸಲು ಸರಳ ದಾರಿ, ತನ್ನ ಆಕರಸೂಚಿಯಲ್ಲಿ ಹೆಚ್ಚು ಸಲ ಬಂದಿರುವ ಪತ್ರಿಕೆಗಳು ಯಾವುವೆಂದು ನೋಡುವುದು. ಲೇಖನ ಭಾಗವಹಿಸಬೇಕಾದ ಚರ್ಚೆ ಅಲ್ಲೇ ನಡೆಯುತ್ತಿರುತ್ತದೆ. ಒಂದು ಲೇಖನವನ್ನು ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕಳುಹಿಸಬೇಕು. ಸಂಪಾದಕರು ಮೊದಲ ನೋಟದಲ್ಲೇ ಹಿಂದಿರುಗಿಸಬಹುದು, ಇಲ್ಲವೇ ಸಾಮಾನ್ಯವಾಗಿ ಇಬ್ಬರು ಅಥವಾ ಮೂವರು ವಿಮರ್ಶಕರಿಗೆ ಕಳುಹಿಸಬಹುದು. ತಿಂಗಳುಗಟ್ಟಲೆ ಕಾಯುವುದು ಇದರ ಭಾಗ. ಯಾವ ತಿದ್ದುಪಡಿಯೂ ಇಲ್ಲದೆ ಮೊದಲ ಸಲವೇ ಸ್ವೀಕೃತವಾಗುವುದು ಅಪರೂಪ. ‘ದೊಡ್ಡ ತಿದ್ದುಪಡಿ’ ಎಂಬ ಉತ್ತರ ಬಂದರೆ ಅದನ್ನು ಒಳ್ಳೆಯ ಸುದ್ದಿ ಎಂದೇ ತಿಳಿಯಬೇಕು.

ವಿಮರ್ಶಕರಿಗೆ ಉತ್ತರ ಬರೆಯುವುದೇ ಪ್ರತ್ಯೇಕ ವಿದ್ಯೆ. ಪ್ರತಿ ಆಕ್ಷೇಪವನ್ನು ಸಂಖ್ಯೆ ಹಾಕಿ ಬರೆದು, ಅದರ ಕೆಳಗೆ ಉತ್ತರ, ತಿದ್ದಿದ ಪುಟ ಮತ್ತು ಸಾಲನ್ನು ಕೊಡುವುದು ರೂಢಿ. “ಸಂದರ್ಶನಗಳ ಸಂಖ್ಯೆ ಸಾಲದು” ಎಂಬ ಆಕ್ಷೇಪಕ್ಕೆ “ಸಾಕೆಂದು ನಮ್ಮ ಅಭಿಪ್ರಾಯ” ಎಂದರೆ ಬಾಗಿಲು ಮುಚ್ಚಿದಂತೆ. “ಕೊನೆಯ ಸಂದರ್ಶನಗಳಲ್ಲಿ ಹೊಸ ವಿಷಯ ಬರುವುದು ನಿಂತಿತ್ತು, ಇದನ್ನು ವಿಧಾನದ ಭಾಗದಲ್ಲಿ ಸೇರಿಸಿದ್ದೇವೆ, ಅಧ್ಯಯನದ ಮಿತಿಯನ್ನೂ ಚರ್ಚೆಯಲ್ಲಿ ಒಪ್ಪಿಕೊಂಡಿದ್ದೇವೆ” ಎಂದರೆ ವಿಮರ್ಶಕನಿಗೆ ಒಪ್ಪಲು ಆಧಾರ ಸಿಗುತ್ತದೆ. ಎಲ್ಲವನ್ನೂ ಒಪ್ಪಬೇಕಿಲ್ಲ, ಒಪ್ಪದ ಕಡೆ ಕಾರಣ ಕೊಡಬೇಕು.

ತಿರಸ್ಕಾರವೇ ಕೊನೆಯಲ್ಲ. ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಬ್ರಿಟನ್ನಿನ ಪತ್ರಿಕೆಯಲ್ಲಿ ಪ್ರಕಟವಾಗದ ತಮ್ಮ ಲೇಖನವನ್ನು 1924ರಲ್ಲಿ ಐನ್‌ಸ್ಟೈನ್‌ಗೆ ಕಳುಹಿಸಿದರು. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕೊಟ್ಟರು. ಬೋಸ್–ಐನ್‌ಸ್ಟೈನ್ ಸಂಖ್ಯಾಶಾಸ್ತ್ರ ಹುಟ್ಟಿದ್ದು ಹೀಗೆ.

ಕರ್ತೃತ್ವ

ಲೇಖನದ ಮೇಲೆ ಯಾರ ಹೆಸರಿರಬೇಕು ಎಂಬುದು ವಿದ್ಯಾರ್ಥಿಗಳು ಬಾಯಿಬಿಟ್ಟು ಕೇಳಲಾರದ ಪ್ರಶ್ನೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿ ನಾಲ್ಕು ಷರತ್ತುಗಳನ್ನು ಒಟ್ಟಿಗೆ ವಿಧಿಸುತ್ತದೆ: ಯೋಜನೆ ಅಥವಾ ದತ್ತಾಂಶದಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ಮಹತ್ವದ ಪರಿಷ್ಕರಣೆ, ಅಂತಿಮ ರೂಪಕ್ಕೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ಹಣ ತಂದುಕೊಟ್ಟದ್ದು, ವಿಭಾಗದ ಮುಖ್ಯಸ್ಥರಾಗಿದ್ದದ್ದು ಇವುಗಳಲ್ಲಿ ಸೇರಿಲ್ಲ. ಗೈಡ್‌ ಹೆಸರು ಸೇರಿಸುವುದು ಅನೇಕ ವಿಜ್ಞಾನ ವಿಭಾಗಗಳಲ್ಲಿ ನ್ಯಾಯವೇ, ಏಕೆಂದರೆ ಅವರ ಪಾಲು ಅಷ್ಟಿರುತ್ತದೆ. ಕನ್ನಡ ಅಥವಾ ಇತಿಹಾಸದಂಥ ವಿಭಾಗಗಳಲ್ಲಿ ಒಬ್ಬನೇ ಬರೆದ ಲೇಖನಕ್ಕೆ ಒಬ್ಬನ ಹೆಸರೇ ರೂಢಿ. ಕೆಲಸ ಆರಂಭಿಸುವಾಗಲೇ ಇದನ್ನು ಮಾತಾಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮನೆತನದ ಹೆಸರಿಲ್ಲದೆ ಊರು, ತಂದೆಯ ಹೆಸರುಗಳ ಇನಿಷಿಯಲ್ ಬಳಸುವ ದಕ್ಷಿಣ ಕರ್ನಾಟಕದವರಿಗೆ ಇನ್ನೊಂದು ತೊಡಕಿದೆ. ದತ್ತಸಂಚಯಗಳು ಇಂಥ ಹೆಸರನ್ನು ನಾಲ್ಕಾರು ರೂಪಗಳಲ್ಲಿ ದಾಖಲಿಸಿ, ಒಬ್ಬರನ್ನೇ ಹಲವರಾಗಿ, ಹಲವರನ್ನು ಒಬ್ಬರಾಗಿ ಎಣಿಸುತ್ತವೆ. ಮೊದಲ ಲೇಖನದಲ್ಲಿ ಬಳಸಿದ ರೂಪವನ್ನೇ ಕೊನೆಯವರೆಗೂ ಉಳಿಸಿಕೊಳ್ಳುವುದು, 2012ರಲ್ಲಿ ಆರಂಭವಾದ ‘ಆರ್ಕಿಡ್’ ಎಂಬ ಉಚಿತ ಗುರುತುಸಂಖ್ಯೆ ಪಡೆಯುವುದು ಇದಕ್ಕೆ ಪರಿಹಾರ.

ಭಾರತದ ನಿಯಮಗಳು

ಯುಜಿಸಿಯ 2016ರ ನಿಯಮಗಳ ಪ್ರಕಾರ ಪ್ರಬಂಧ ಸಲ್ಲಿಸುವ ಮೊದಲು ವಿಮರ್ಶಿತ ಪತ್ರಿಕೆಯಲ್ಲಿ ಕನಿಷ್ಠ ಒಂದು ಲೇಖನ ಪ್ರಕಟಿಸಿ, ಎರಡು ಸಮ್ಮೇಳನಗಳಲ್ಲಿ ಪ್ರಬಂಧ ಮಂಡಿಸಿರಬೇಕಿತ್ತು. 2022ರ ನವೆಂಬರ್‌ನಲ್ಲಿ ಜಾರಿಗೆ ಬಂದ ನಿಯಮಗಳು ಈ ಕಡ್ಡಾಯವನ್ನು ಕೈಬಿಟ್ಟವು. ಬೇಕಿದ್ದರೆ ವಿಶ್ವವಿದ್ಯಾಲಯಗಳು ತಮ್ಮ ಷರತ್ತು ಇಟ್ಟುಕೊಳ್ಳಬಹುದು. ಆದ್ದರಿಂದ ಪ್ರತಿ ವಿದ್ಯಾರ್ಥಿಯೂ ತನ್ನ ವಿಶ್ವವಿದ್ಯಾಲಯದ ನಿಯಮಾವಳಿಯನ್ನೇ ನೋಡಬೇಕು. ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಕುರಿತ ಎರಡು ಕ್ರೆಡಿಟ್‌ಗಳ ಕೋರ್ಸ್ ಪಿಎಚ್‌.ಡಿ. ಕೋರ್ಸ್‌ವರ್ಕ್‌ನಲ್ಲಿ ಸೇರಿದೆ. ಅಂಗೀಕೃತ ಪ್ರಬಂಧಗಳು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ಭಂಡಾರ ಸೇರುತ್ತವೆ. ಲಕ್ಷಾಂತರ ಪ್ರಬಂಧಗಳಿರುವ ಈ ಭಂಡಾರ, ತನ್ನ ವಿಷಯದಲ್ಲಿ ಏನೇನು ಆಗಿದೆ ಎಂದು ನೋಡಲು ವಿದ್ಯಾರ್ಥಿಗೆ ಮೊದಲ ನಿಲ್ದಾಣ.

ಎಣಿಕೆಗಾಗಿ ಪ್ರಕಟಿಸಬೇಕಾದ ಒತ್ತಡ ನಕಲಿ ಪತ್ರಿಕೆಗಳ ದಂಧೆಗೆ ಗೊಬ್ಬರವಾಯಿತು. ಹಣ ಪಡೆದು, ವಿಮರ್ಶೆಯ ನಾಟಕವಾಡಿ, ಕೆಲವೇ ದಿನಗಳಲ್ಲಿ ಅಚ್ಚುಹಾಕುವ ಇಂಥ ಪ್ರಕಾಶಕರ ಪಟ್ಟಿಯನ್ನು ಅಮೆರಿಕದ ಗ್ರಂಥಪಾಲಕ ಜೆಫ್ರಿ ಬೀಲ್ 2017ರವರೆಗೆ ನಡೆಸಿದರು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಎದ್ದುಕಾಣುವ ದೋಷಗಳಿದ್ದ ಹುಸಿ ಲೇಖನದ ರೂಪಗಳನ್ನು 304 ಮುಕ್ತ ಪ್ರವೇಶ ಪತ್ರಿಕೆಗಳಿಗೆ ಕಳುಹಿಸಿದಾಗ ಅರ್ಧಕ್ಕಿಂತ ಹೆಚ್ಚು ಪತ್ರಿಕೆಗಳು ಒಪ್ಪಿಕೊಂಡವು. ‘ಸೈನ್ಸ್’ ಪತ್ರಿಕೆ ಆ ವರದಿಯನ್ನು ಪ್ರಕಟಿಸಿತು. ಯುಜಿಸಿ 2019ರಲ್ಲಿ ‘ಕೇರ್’ ಹೆಸರಿನ ಪತ್ರಿಕೆಗಳ ಪಟ್ಟಿ ತಂದು, 2025ರಲ್ಲಿ ಅದನ್ನು ನಿಲ್ಲಿಸಿ, ಗುಣಮಟ್ಟ ಅಳೆಯುವ ಹೊಣೆಯನ್ನು ಸಂಸ್ಥೆಗಳಿಗೇ ಬಿಟ್ಟಿತು. ಈಗ ವಿದ್ಯಾರ್ಥಿಯೇ ಪರೀಕ್ಷಿಸಬೇಕು: ಸಂಪಾದಕ ಮಂಡಳಿಯವರು ನಿಜವಾಗಿ ಆ ಕ್ಷೇತ್ರದವರೇ, ಹಿಂದಿನ ಸಂಚಿಕೆಗಳ ಲೇಖನಗಳು ಓದಲು ಯೋಗ್ಯವೇ, ಎಲ್ಲ ವಿಷಯಗಳನ್ನೂ ಒಂದೇ ಸಂಚಿಕೆಯಲ್ಲಿ ತುಂಬಿದ್ದಾರೆಯೇ, ವಾರದೊಳಗೆ ಪ್ರಕಟಣೆ ಎಂಬ ಭರವಸೆ ವಾಟ್ಸ್‌ಆ್ಯಪ್‌ನಲ್ಲಿ ಬಂತೇ.

ಖರ್ಚು ಮತ್ತು ಮುಕ್ತ ಪ್ರವೇಶ

ಹಣ ಕೇಳುವ ಪತ್ರಿಕೆಗಳೆಲ್ಲ ನಕಲಿಯಲ್ಲ. ಓದುಗರಿಗೆ ಉಚಿತವಾಗಿ ತೆರೆದಿಟ್ಟು ಲೇಖಕರಿಂದ ಶುಲ್ಕ ಪಡೆಯುವ ಪದ್ಧತಿ ಮುಕ್ತ ಪ್ರವೇಶ ಕುರಿತ 2002ರ ಬುಡಾಪೆಸ್ಟ್ ಘೋಷಣೆಯ ನಂತರ ಬೆಳೆಯಿತು. ‘ನೇಚರ್’ 2020ರಲ್ಲಿ ಪ್ರಕಟಿಸಿದ ಶುಲ್ಕ 9,500 ಯೂರೊ. ಭಾರತದ ವಿದ್ಯಾರ್ಥಿಯ ಫೆಲೋಶಿಪ್‌ಗೆ ಅದು ನಿಲುಕದ್ದು. ಭೌತವಿಜ್ಞಾನ, ಗಣಿತದವರು 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಆರಂಭಿಸಿದ ‘ಆರ್ಕೈವ್’ ತಾಣದಲ್ಲಿ ಕರಡನ್ನು ಉಚಿತವಾಗಿ ಹಾಕುತ್ತಾರೆ. ಓದುವ ಕಡೆಯ ಖರ್ಚಿಗೆ ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟು, ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ ತೆಗೆದಿರಿಸಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಸಂಸ್ಥೆಗಳಿಗೆ ಸಿಗುವಂತಾಯಿತು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ (1932), 1934ರಲ್ಲಿ ರಾಮನ್ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರಮಾಣ’ ಮೊದಲಾದವು ದೇಶದ ಹೊಸ ಸಂಶೋಧಕರಿಗೆ ಗೌರವದ ನೆಲೆಗಳು.

ಕನ್ನಡದಲ್ಲಿ

ಕನ್ನಡದ ಸಂಶೋಧನೆ ಕನ್ನಡದ ಪಿಎಚ್‌.ಡಿ. ಪದವಿಗಿಂತ ಹಳೆಯದು. 1916ರಿಂದ ಬಂದ ಸಾಹಿತ್ಯ ಪರಿಷತ್ತಿನ ಪತ್ರಿಕೆ, 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ ಶಾಸನ, ಛಂದಸ್ಸು, ಕವಿಕಾಲಗಳ ಚರ್ಚೆಯನ್ನು ಪುರಾವೆ ಸಮೇತ ನಡೆಸುವ ಶೈಲಿಯನ್ನು ಕಟ್ಟಿಕೊಟ್ಟವು. ಎಂ. ಚಿದಾನಂದಮೂರ್ತಿ ಅವರ ಮಹಾಪ್ರಬಂಧ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪುಸ್ತಕವಾಗಿ ಬಂದು ಇಂದಿಗೂ ಆಕರಗ್ರಂಥವಾಗಿ ಉಳಿದಿದೆ. ಪ್ರಬಂಧವೊಂದು ಪರೀಕ್ಷಕರನ್ನು ದಾಟಿ ಓದುಗರನ್ನು ತಲುಪಿದ್ದಕ್ಕೆ ಇದು ಮಾದರಿ. ಎಂ. ಎಂ. ಕಲಬುರ್ಗಿ ಅವರ ‘ಕನ್ನಡ ಸಂಶೋಧನ ಶಾಸ್ತ್ರ’ ವಿಧಾನದ ಬಗ್ಗೆ ಕನ್ನಡದಲ್ಲೇ ಬಂದ ಮುಖ್ಯ ಕೃತಿ.

ಇಂದಿನ ತೊಡಕುಗಳು ಎರಡು. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್‌ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪಾದ ಪ್ರಬಂಧಗಳು ಭಂಡಾರದಲ್ಲಿದ್ದರೂ ಹುಡುಕಿದರೆ ಸಿಗುವುದಿಲ್ಲ. ಹೋಲಿಕೆ ಅಳೆಯುವ ತಂತ್ರಾಂಶಕ್ಕೂ ಅವು ಅಕ್ಷರಗಳಲ್ಲ, ಅರ್ಥವಿಲ್ಲದ ಚಿಹ್ನೆಗಳು. ಯೂನಿಕೋಡ್‌ನಲ್ಲೇ ಟೈಪ್ ಮಾಡಿಸುವುದು ಸುಲಭ ಪರಿಹಾರ. ಎರಡನೆಯದು, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಸಮಾಜವಿಜ್ಞಾನ, ವಿಜ್ಞಾನದ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಪ್ರಕಟಿಸಬೇಕಾದ ಅನಿವಾರ್ಯ. ವಾದವನ್ನು ಮೊದಲು ಕನ್ನಡದಲ್ಲಿ ಪೂರ್ತಿಯಾಗಿ ಬರೆದುಕೊಂಡು, ಆಮೇಲೆ ಆ ಕ್ಷೇತ್ರದ ಪತ್ರಿಕೆಗಳ ಭಾಷೆಗೆ ಹೊಂದಿಸಿ ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯುವುದು ಫಲಕಾರಿ. ಸಾಲಿಗೆ ಸಾಲು ಅನುವಾದ ಉಪಯೋಗಕ್ಕೆ ಬರುವುದಿಲ್ಲ.

ತರಬೇತಿ

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಆರಂಭಿಸಿದ, ಮೂರೇ ನಿಮಿಷದಲ್ಲಿ ಪ್ರಬಂಧ ಹೇಳುವ ಸ್ಪರ್ಧೆ ಈಗ ಅನೇಕ ದೇಶಗಳಲ್ಲಿದೆ. ಭಾರತದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ ಆರಂಭಿಸಿದ ‘ಅವಸರ್’ ಸ್ಪರ್ಧೆ ಸಂಶೋಧನ ವಿದ್ಯಾರ್ಥಿಗಳಿಂದ ತಮ್ಮ ಕೆಲಸದ ಬಗ್ಗೆ ಜನಪ್ರಿಯ ಲೇಖನಗಳನ್ನು ಬರೆಸಿತು. ಆದರೆ ಸ್ಪರ್ಧೆ, ಕಾರ್ಯಾಗಾರಗಳು ಅಭ್ಯಾಸಕ್ಕೆ ಬದಲಿಯಲ್ಲ. ತನ್ನ ಕ್ಷೇತ್ರದ ಒಳ್ಳೆಯ ಲೇಖನಗಳನ್ನು ಅವು ಹೇಗೆ ಕಟ್ಟಲ್ಪಟ್ಟಿವೆ ಎಂದು ನೋಡುತ್ತ ಓದುವುದು, ಕರಡನ್ನು ಸಹಪಾಠಿಗಳಿಗೆ ತೋರಿಸಿ ತಿದ್ದುವುದು, ವರ್ಷಕ್ಕೊಂದಾದರೂ ಗಂಭೀರ ಲೇಖನವನ್ನು ನಿಜವಾದ ವಿಮರ್ಶೆಗೆ ಒಡ್ಡುವುದು ಈ ಬರವಣಿಗೆಯ ನಿಜವಾದ ಶಾಲೆ. ಕಡ್ಡಾಯ ಪ್ರಕಟಣೆಯ ನಿಯಮ ಹೋಗಿದೆ. ಅದರೊಂದಿಗೆ ಎಣಿಕೆಗಾಗಿ ಬರೆಯುವ ನೆಪವೂ ಹೋಗಬೇಕು. ಹಣ ಕೊಟ್ಟು ಅಚ್ಚುಮಾಡಿಸಿದ ಹತ್ತು ಲೇಖನಗಳಿಗಿಂತ, ಆ ಕ್ಷೇತ್ರದ ಮುಂದಿನ ಸಂಶೋಧಕ ಹುಡುಕಿ ಓದಿ ಉಲ್ಲೇಖಿಸುವ ಒಂದು ಲೇಖನ ವಿದ್ಯಾರ್ಥಿಗೂ ವಿಷಯಕ್ಕೂ ಹೆಚ್ಚಿನ ಲಾಭ.